ಬೇಗಂಪೇಟೆಯ ಕಟ್ಟಡ, ನಮ್ಮ ಮನೆಯ ಟ್ಯಾಂಕು

ನಮ್ಮ ಸಂಘದ ಯುವ ಮಿತ್ರರೇ,

ಊರಿನಿಂದ ನೆಂಟರು ಬಂದರೆ ನೀವು ಅವರನ್ನು ಹೈದರಾಬಾದಿನಲ್ಲಿ ಎಲ್ಲೆಲ್ಲಿ ಸುತ್ತಿಸುತ್ತೀರಿ ಎಂಬುದು ನನಗೆ ಗೊತ್ತು. ಚಾರ್‌ಮಿನಾರ್, ಗೋಲ್ಕೊಂಡಾ, ಸಾಲಾರ್‌ಜಂಗ್ ಮ್ಯೂಸಿಯಮ್ಮಿನ ಗಡಿಯಾರ, ಬಿರ್ಲಾ ಮಂದಿರ, ಹುಸೇನ್‌ಸಾಗರದ ಬುದ್ಧ. ಕಾಲು ಬಿದ್ದುಹೋಗುವಷ್ಟು ತಿರುಗಿಸಿ, ಕೊನೆಗೆ ಲಾಡ್ ಬಜಾರಿನಲ್ಲಿ ಬಳೆ ಕೊಡಿಸಿ ರೈಲು ಹತ್ತಿಸುತ್ತೀರಿ. ನಾನೂ ಇಷ್ಟು ವರ್ಷ ಹಾಗೆಯೇ ಮಾಡಿದವಳು. ಇಂದು ಆ ಪಟ್ಟಿಯಲ್ಲಿಲ್ಲದ ಒಂದು ಜಾಗಕ್ಕೆ ನಿಮ್ಮನ್ನು ಕರೆದುಕೊಂಡು ಹೋಗುತ್ತೇನೆ. ಅಲ್ಲಿ ಕಾರಂಜಿಯಿಲ್ಲ, ಬಳೆಯಂಗಡಿಯಿಲ್ಲ, ಫೋಟೋ ತೆಗೆಸಿಕೊಳ್ಳುವಂಥ ವೈಭವವೂ ಇಲ್ಲ. ಕನ್ನಡ ಅಕ್ಷರ ಕೂಡಿಸಿ ಕೂಡಿಸಿ ಓದುವವರು ಅಮ್ಮನ ಕೈಲಿ ಓದಿಸಿಕೊಂಡಾದರೂ ನನ್ನ ಜೊತೆ ಬನ್ನಿ.

ಸಿಕಂದರಾಬಾದಿನ ಪ್ಯಾರಡೈಸ್ ಕಡೆಯಿಂದ ಅಮೀರ್‌ಪೇಟೆಗೆ ಬರುವ ದಾರಿಯಲ್ಲಿ ಬೇಗಂಪೇಟೆಯ ಹಳೆಯ ವಿಮಾನ ನಿಲ್ದಾಣವಿದೆಯಲ್ಲ, 2008ರಲ್ಲಿ ಶಂಷಾಬಾದಿನ ಹೊಸ ನಿಲ್ದಾಣ ಶುರುವಾದ ಮೇಲೆ ನಮ್ಮಂಥ ಪ್ರಯಾಣಿಕರಿಗೆ ಮುಚ್ಚಿಹೋದದ್ದು, ಅದರ ಸನಿಹದಲ್ಲೇ ಈ ಜಾಗ. ಉಸ್ಮಾನಿಯಾ ವಿಶ್ವವಿದ್ಯಾನಿಲಯಕ್ಕೆ ಸೇರಿದ ಒಂದು ಹಳೆಯ ಕಟ್ಟಡ. ಹೆಸರು ಸರ್ ರೊನಾಲ್ಡ್ ರಾಸ್ ಸಂಸ್ಥೆ. ಮದುವೆಯಾಗಿ ಧಾರವಾಡದಿಂದ ಈ ಊರಿಗೆ ಬಂದು ಇಪ್ಪತ್ತೆಂಟು ವರ್ಷ ಆ ರಸ್ತೆಯಲ್ಲಿ ಬಸ್ಸಿನಲ್ಲಿ ಓಡಾಡಿದರೂ ಒಂದು ದಿನವೂ ಅಲ್ಲಿ ಇಳಿದವಳಲ್ಲ. ಇಳಿದದ್ದು 2018ರ ಆಗಸ್ಟ್ 20ರಂದು, ಒಂದು ಸೋಮವಾರ. ಯಾಕೆ ಇಳಿದೆ ಎಂಬುದನ್ನು ಆಮೇಲೆ ಹೇಳುತ್ತೇನೆ. ಮೊದಲು ಆ ದಿನಾಂಕದ ಕಥೆ ಕೇಳಿ.

ರೊನಾಲ್ಡ್ ರಾಸ್ 1857ರಲ್ಲಿ ನಮ್ಮ ಅಲ್ಮೋರಾದಲ್ಲಿ ಹುಟ್ಟಿದ ಇಂಗ್ಲಿಷ್ ಮನುಷ್ಯ. ಅಪ್ಪ ಸೈನ್ಯದ ದೊಡ್ಡ ಅಧಿಕಾರಿ. ಮಗನಿಗೆ ಡಾಕ್ಟರಿಕೆಗಿಂತ ಕವಿತೆ, ಕಾದಂಬರಿ, ಗಣಿತದ ಹುಚ್ಚು ಹೆಚ್ಚು. ಅಪ್ಪನ ಒತ್ತಾಯಕ್ಕೆ ವೈದ್ಯನಾಗಿ 1881ರಲ್ಲಿ ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಿದ. (ಇಂಗ್ಲಿಷ್ ಬಿ.ಎ. ಮಾಡಿದ ನನಗೆ ಈತನ ಪದ್ಯಗಳನ್ನು ಯಾವ ಮೇಷ್ಟ್ರೂ ಪಾಠ ಮಾಡಲಿಲ್ಲ. ಓದಿ ನೋಡಿದ ಮೇಲೆ ಅದು ಅನ್ಯಾಯವೆಂದೇನೂ ಅನ್ನಿಸಲಿಲ್ಲ.) ಆ ಕಾಲದಲ್ಲಿ ಮಲೇರಿಯಾ ಎಂದರೆ ಕೆಟ್ಟ ಗಾಳಿಯಿಂದ ಬರುವ ರೋಗ ಎಂದೇ ನಂಬಿಕೆ, ಇಟಾಲಿಯನ್ ಭಾಷೆಯಲ್ಲಿ ಆ ಹೆಸರಿನ ಅರ್ಥವೇ ಅದು. ನಮ್ಮ ಅಜ್ಜಿಯಂದಿರು ಚಳಿಜ್ವರ ಎನ್ನುತ್ತಿದ್ದರು. 1880ರಲ್ಲಿ ಲ್ಯಾವರಾನ್ ಎಂಬ ಫ್ರೆಂಚ್ ವೈದ್ಯ ಅಲ್ಜೀರಿಯಾದಲ್ಲಿ ರೋಗಿಯ ರಕ್ತದಲ್ಲಿ ಮಲೇರಿಯಾದ ಜೀವಿಯನ್ನು ಕಂಡುಹಿಡಿದಿದ್ದ. ಆದರೆ ಅದು ಒಬ್ಬರ ಮೈಯಿಂದ ಇನ್ನೊಬ್ಬರ ಮೈಗೆ ಹೋಗುವುದು ಹೇಗೆ ಎಂಬುದು ಗೊತ್ತಿರಲಿಲ್ಲ. ಲಂಡನ್ನಿನಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ ಎಂಬ ಹಿರಿಯ ವೈದ್ಯ ಸೊಳ್ಳೆಯ ಮೇಲೆ ಅನುಮಾನ ಪಟ್ಟು, ಅದನ್ನು ರಾಸ್‌ನ ತಲೆಗೂ ತುಂಬಿದ. ರಾಸ್ 1895ರಲ್ಲಿ ಸಿಕಂದರಾಬಾದಿಗೆ ಬಂದ.

ಆಮೇಲಿನ ಕೆಲಸ ನೆನೆದರೆ ಈಗಲೂ ಸುಸ್ತಾಗುತ್ತದೆ. ಸೊಳ್ಳೆಮರಿಗಳನ್ನು ಬಾಟಲಿಯಲ್ಲಿ ಸಾಕಬೇಕು. ರೆಕ್ಕೆ ಬಂದ ಮೇಲೆ ಮಲೇರಿಯಾ ರೋಗಿಯನ್ನು ಪರದೆಯೊಳಗೆ ಮಲಗಿಸಿ ಕಚ್ಚಿಸಬೇಕು. ನಂತರ ಸೊಳ್ಳೆಯ ಹೊಟ್ಟೆ ಸೀಳಿ ಸೂಕ್ಷ್ಮದರ್ಶಕದಲ್ಲಿ ಒಂದೊಂದು ಕಣವನ್ನೂ ನೋಡಬೇಕು. ಪಂಖಾ ಎಳೆಸುವಂತಿಲ್ಲ, ಸೀಳಿದ ಸೊಳ್ಳೆ ಹಾರಿಹೋಗುತ್ತದೆ. ಬೆವರು ಸುರಿದು ಸೂಕ್ಷ್ಮದರ್ಶಕದ ತಿರುಪುಗಳು ತುಕ್ಕು ಹಿಡಿದಿದ್ದವಂತೆ. ನೂರಾರು ಸೊಳ್ಳೆ ಸೀಳಿದರೂ ಏನೂ ಸಿಗಲಿಲ್ಲ, ಏಕೆಂದರೆ ಅವು ಬೇರೆ ಜಾತಿಯವು. ಕೊನೆಗೆ ರೆಕ್ಕೆಯ ಮೇಲೆ ಚುಕ್ಕೆಯಿದ್ದ ಕೆಲವು ಸೊಳ್ಳೆಗಳು ದೊರೆತವು. ಹುಸೇನ್ ಖಾನ್ ಎಂಬ ರೋಗಿ ಅವುಗಳಿಂದ ಕಚ್ಚಿಸಿಕೊಂಡ. ಸೊಳ್ಳೆಗೆ ಒಂದಾಣೆಯಂತೆ ಕೂಲಿ. ನಾಲ್ಕು ದಿನ ಕಳೆದು 1897ರ ಆಗಸ್ಟ್ 20ರಂದು ಅಂಥ ಒಂದು ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ರಾಸ್‌ಗೆ ಮಲೇರಿಯಾದ ಕಪ್ಪು ಕಣಗಳಿರುವ ಜೀವಕೋಶಗಳು ಕಂಡವು. ಆಗಸ್ಟ್ 20ನ್ನು ಜಗತ್ತು ಸೊಳ್ಳೆ ದಿನವೆಂದು ಕರೆಯುವುದು ಇದಕ್ಕೇ. ಜಗತ್ತಿನ ಪುಸ್ತಕಗಳಲ್ಲೆಲ್ಲ ಸಿಕಂದರಾಬಾದ್ ಎಂಬ ಹೆಸರು ಬರುವುದೂ ಇದಕ್ಕೇ.

ಮುಂದೇನಾಯಿತು ಎನ್ನುತ್ತೀರಿ? ಸರ್ಕಾರ ಬೆನ್ನು ತಟ್ಟಿತೆಂದುಕೊಂಡಿರಾ? ಮುಂದಿನ ತಿಂಗಳೇ ಅವನನ್ನು ರಾಜಪುತಾನದ ಖೇರ್ವಾಡಾ ಎಂಬಲ್ಲಿಗೆ ವರ್ಗ ಮಾಡಿತು. ಅಲ್ಲಿ ನೋಡೋಣವೆಂದರೂ ಮಲೇರಿಯಾ ರೋಗಿಗಳಿಲ್ಲ! ಸರ್ಕಾರದ ವರ್ಗಾವಣೆ ಇಂದು ನಿನ್ನೆಯದಲ್ಲ. 1898ರಲ್ಲಿ ಕಲ್ಕತ್ತೆಗೆ ಹೋಗಿ, ಹಕ್ಕಿಗಳಲ್ಲಿ ಬರುವ ಮಲೇರಿಯಾದ ಮೇಲೆ ಕೆಲಸ ಮಾಡಿ, ಜೀವಿ ಸೊಳ್ಳೆಯ ಎಂಜಲಿನ ಮೂಲಕ ದಾಟುತ್ತದೆ ಎಂದು ಅವನು ಪೂರ್ತಿ ತೋರಿಸಿದ. ಮನುಷ್ಯರಲ್ಲಿ ಅದೇ ವರ್ಷ ತೋರಿಸಿದವರು ಇಟಲಿಯ ವಿಜ್ಞಾನಿಗಳು. ಯಾರು ಮೊದಲು ಎಂಬ ಜಗಳ ರಾಸ್‌ನ ಜೀವನದುದ್ದಕ್ಕೂ ನಡೆಯಿತು. 1902ರಲ್ಲಿ ನೊಬೆಲ್ ಬಹುಮಾನ ಬಂತು. ಹುಸೇನ್ ಖಾನನಿಗೆ ಬಂದದ್ದು ಆ ಕೆಲವು ಆಣೆಗಳು. ಅಂದು ಕಟ್ಟಡದ ಮುಂದೆ ನಿಂತಾಗ ನನಗೆ ಹೆಚ್ಚು ನೆನಪಾದವನು ಅವನೇ. ಜ್ವರದ ಮೈಯಲ್ಲಿ ಪರದೆಯೊಳಗೆ ಮಲಗಿ, ಎಷ್ಟು ಕಚ್ಚಿದವು ಎಂದು ಎಣಿಸಿಕೊಂಡಿರಬೇಕು, ಪಾಪ.

ಈಗ ನಮ್ಮ ಕರ್ನಾಟಕದ ಸಂಗತಿ. ಇದಕ್ಕೆಲ್ಲ ಎಷ್ಟೋ ಮೊದಲೇ, 1883ರಲ್ಲಿ, ರಾಸ್ ಬೆಂಗಳೂರಿನ ದಂಡಿನಲ್ಲಿ ಡಾಕ್ಟರನಾಗಿದ್ದ. ಒಳ್ಳೆಯ ಬಂಗಲೆ, ಆದರೆ ಅಕ್ಕಪಕ್ಕದ ಬಂಗಲೆಗಳಿಗಿಂತ ಅಲ್ಲಿ ಸೊಳ್ಳೆ ಹೆಚ್ಚು. ಹುಡುಕಿ ನೋಡಿದರೆ ಕಿಟಕಿಯ ಹೊರಗೇ ನೀರಿನ ಒಂದು ಪೀಪಾಯಿ. ಅದರ ತುಂಬ ಸೊಳ್ಳೆಮರಿ. ಪೀಪಾಯಿ ಬೋರಲು ಹಾಕಿಸಿದ. ಸೊಳ್ಳೆ ಕಡಿಮೆಯಾದವು. ಸಂತೋಷದಿಂದ ಅಲ್ಲಿನ ಸೇನಾಧಿಕಾರಿಯೊಬ್ಬನಿಗೆ ಹೇಳಿದ: ನಿಮ್ಮ ಊಟದ ಮನೆಯಲ್ಲೂ ಹೂದಾನಿಗಳಲ್ಲಿ, ಡಬ್ಬಿಗಳಲ್ಲಿ ನೀರು ನಿಂತಿದೆ, ಚೆಲ್ಲಿಸಿ. ಆ ಅಧಿಕಾರಿ ನಕ್ಕು ತಳ್ಳಿಹಾಕಿದನಂತೆ. ಸೊಳ್ಳೆಯನ್ನು ದೇವರು ಏನೋ ಉದ್ದೇಶದಿಂದ ಸೃಷ್ಟಿಸಿದ್ದಾನೆ, ಪ್ರಕೃತಿಯ ಕ್ರಮ ಕೆಡಿಸಬಾರದು, ಸಹಿಸಿಕೊಳ್ಳುವುದೇ ನಮ್ಮ ಧರ್ಮ ಎಂದನಂತೆ. ರಾಸ್ ತನ್ನ ಆತ್ಮಕಥೆಯಲ್ಲಿ ಇದನ್ನು ಬರೆದಿದ್ದಾನೆ. ಹನ್ನೆರಡು ವರ್ಷದ ಮೇಲೆ, 1895ರಲ್ಲಿ, ಅವನನ್ನು ಸಿಕಂದರಾಬಾದಿನಿಂದ ಮತ್ತೆ ಬೆಂಗಳೂರಿಗೆ ಕಳಿಸಿದರು, ಈ ಸಲ ಕಾಲರಾ ತಡೆಯಲು. ಸೊಳ್ಳೆಯ ಸಂಶೋಧನೆ ಬಿಟ್ಟು ಚರಂಡಿ, ಬಾವಿ ನೋಡಿಕೊಂಡು ತಿರುಗಿದ. ನೊಬೆಲ್ ಬಂದ ಕಾಲಕ್ಕೆ ಅವನು ಬರೆದ ಒಂದು ಪುಸ್ತಕ ಸೊಳ್ಳೆ ಪಡೆಗಳನ್ನು ಕಟ್ಟುವುದು ಹೇಗೆ ಎಂಬುದರ ಬಗ್ಗೆ. ಆಳುಗಳು ಮನೆಮನೆಗೆ ಹೋಗಿ, ನಿಂತ ನೀರು ಚೆಲ್ಲಿ, ಮತ್ತೆ ಮತ್ತೆ ಹೋಗುತ್ತಲೇ ಇರುವ ಪಡೆ. ಕಂಡುಹಿಡಿಯುವುದು ಒಂದು ದಿನದ ಕೆಲಸ, ಮಿಕ್ಕದ್ದು ಪ್ರತಿವಾರದ ಕೆಲಸ ಎಂಬುದು ಅವನಿಗೆ ಗೊತ್ತಿತ್ತು.

ಆ ಸೇನಾಧಿಕಾರಿಯ ಮಾತು ಓದಿ ನೀವು ನಗುತ್ತೀರಿ. ನಾನು ನಗಲಾರೆ. ಯಾಕೆಂದರೆ 2018ರಲ್ಲಿ ನಮ್ಮ ಎಂಟು ಮನೆಗಳ ಕಟ್ಟಡದಲ್ಲಿ ಆ ಅಧಿಕಾರಿ ನಾನೇ ಆಗಿದ್ದೆ.

ಟೆರೇಸಿನ ಬೀಗದ ಕೈ ಇರುವುದು ನಮ್ಮ ಮನೆಯಲ್ಲಿ. ಪಾಲಿಕೆಯ ಕೀಟ ವಿಭಾಗದ ಹುಡುಗನೊಬ್ಬ ಹೆಗಲಿಗೆ ಪಂಪು, ಕೈಯಲ್ಲಿ ಉದ್ದ ಹಿಡಿಯ ಸೌಟು ಹಿಡಿದು ಮೇ ತಿಂಗಳಲ್ಲಿ ಬಂದ. ಮೇಲೆ ನಾನು ಸಂಡಿಗೆ ಹಾಕಿದ್ದೆ, ತುಳಿದಾನು ಎಂದು ಕಳಿಸಿದೆ. ಜೂನಿನಲ್ಲಿ ಬಂದ. ನಾನು ಹೊರಗೆ ಹೊರಟಿದ್ದೆ. ಜುಲೈಯಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಬಂದ. ಆಗತಾನೆ ಕಣ್ಣು ಹತ್ತಿತ್ತು. ಮೂರು ಸಲವೂ ತೆಲುಗಿನಲ್ಲಿ ನಾನು ಹೇಳಿದ್ದು ಒಂದೇ ಮಾತು, ‘ರೇಪು ರಂಡಿ’. ನಮ್ಮ ಕಡೆ ಹಿಂದೆ ದೆವ್ವದ ಭಯಕ್ಕೆ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದ ಕಥೆಯನ್ನು ನಿಮ್ಮ ಅಪ್ಪ ಅಮ್ಮ ಹೇಳಿರಬಹುದು. ನಾವು ದೆವ್ವವನ್ನು ಒಳಗೆ ಬಿಟ್ಟುಕೊಂಡು ಅದನ್ನು ಓಡಿಸಲು ಬಂದವನಿಗೆ ನಾಳೆ ಬಾ ಎಂದೆವು.

ನಮ್ಮ ಕಟ್ಟಡದ ವಾಚ್‌ಮನ್ನನ ಸಂಸಾರ ಯಾದಗಿರಿಯ ಕಡೆಯದು. ಈ ಊರಿನ ಎಷ್ಟೋ ಕಟ್ಟಡಗಳನ್ನು ಕಟ್ಟಿದ ಕೈಗಳು ಯಾದಗಿರಿ, ರಾಯಚೂರು, ಕಲಬುರಗಿಯವು ಎಂಬುದು ನಿಮಗೆ ತಿಳಿದಿರಲಿ. ಗಂಡ ಹೆಂಡತಿ ಇಟ್ಟಿಗೆ ಹೊತ್ತು, ಕಟ್ಟಡ ಮುಗಿದ ಮೇಲೆ ಕೆಳಗಿನ ಸಂಪಿನ ಪಕ್ಕದ ಕೋಣೆಯಲ್ಲೇ ಉಳಿದುಕೊಂಡರು. ಅವರ ಮಗಳಿಗೆ ಆಗ ಹನ್ನೊಂದು ವರ್ಷ. ಶಾಲೆಯಲ್ಲಿ ತೆಲುಗು, ಬೀದಿಯಲ್ಲಿ ಹಿಂದಿ, ಮನೆಯಲ್ಲಿ ಕನ್ನಡ. ಅಂದರೆ ನಿಮ್ಮ ಹಾಗೆಯೇ ಎರಡನೆಯ ತಲೆಮಾರಿನ ಹೊರನಾಡ ಕನ್ನಡತಿ. ಅವಳ ಹೆಸರು ನಮ್ಮ ಸಂಘದ ಸದಸ್ಯರ ಪಟ್ಟಿಯಲ್ಲಿಲ್ಲ, ಅಷ್ಟೇ.

ಆಗಸ್ಟ್ ಮೊದಲ ವಾರ ಅವಳಿಗೆ ಚಳಿ ಬಂತು. ಮೂರು ಕೌದಿ ಹೊದಿಸಿದರೂ ಹಲ್ಲು ಕಟಕಟ. ಒಂದೆರಡು ತಾಸು ನಡುಗಿ, ಮೈಯೆಲ್ಲ ಬೆಂಕಿಯಾಗಿ, ಬೆವೆತು, ನಿದ್ದೆ ಹೋದಳು. ಮಾರನೆಯ ದಿನ ಎದ್ದು ಕುಂಟೆಬಿಲ್ಲೆ ಆಡಿದಳು. ಅದರ ಮಾರನೆಯ ದಿನ ಮತ್ತೆ ಚಳಿ. ತಾಯಿ ದಾರ ಕಟ್ಟಿಸಿದಳು, ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ಹಾಕಿದಳು. ದಿನ ಬಿಟ್ಟು ದಿನ ಬರುವ ಈ ಜ್ವರದ ಮೋಸವೇ ಅದು. ನಡುವಿನ ಒಂದು ದಿನ ಎಲ್ಲ ವಾಸಿಯಾದಂತೆ ಕಾಣುತ್ತದೆ. ಮೂರನೆಯ ಚಳಿಗೆ ನಾನು ಕೆಳಗೆ ಇಳಿದು ನೋಡಿದೆ. ಆಗಸ್ಟ್ 9, ಗುರುವಾರ ಆಟೋದಲ್ಲಿ ಕೂರಿಸಿಕೊಂಡು ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಹೋದೆವು. ಬೆರಳ ತುದಿ ಚುಚ್ಚಿ, ಒಂದು ಹನಿ ರಕ್ತವನ್ನು ಬೆರಳುದ್ದದ ಪಟ್ಟಿಯ ಮೇಲೆ ಹಾಕಿದರು. ಇಪ್ಪತ್ತು ನಿಮಿಷದಲ್ಲಿ ಗೆರೆ ಮೂಡಿತು. ರಾಸ್‌ಗೆ ಎರಡು ವರ್ಷ ಹಿಡಿದದ್ದರ ಫಲ ನಮಗೆ ಚಹಾ ಕುಡಿದು ಬರುವಷ್ಟರಲ್ಲಿ ಸಿಕ್ಕಿತು. ವೈವಾಕ್ಸ್ ಮಲೇರಿಯಾ.

ಅಲ್ಲಿಯ ನರ್ಸಮ್ಮ ಹೇಳಿದ್ದನ್ನು ನೀವೂ ಗಮನಿಸಿ. ಕ್ಲೋರೋಕ್ವಿನ್ ಮೂರು ದಿನ. ಪ್ರೈಮಾಕ್ವಿನ್ ಹದಿನಾಲ್ಕು ದಿನ, ಊಟವಾದ ಮೇಲೆ. ಮೂತ್ರ ಕಪ್ಪಾಗಿ ಬಂದರೆ ಮಾತ್ರೆ ನಿಲ್ಲಿಸಿ ಕೂಡಲೇ ಬರಬೇಕು. ಮೂರನೆಯ ದಿನಕ್ಕೆ ಜ್ವರ ಹೋಗುತ್ತದೆ, ಕಷ್ಟ ಇರುವುದು ಆಮೇಲೆಯೇ ಎಂದಳು. ವೈವಾಕ್ಸಿನ ಜೀವಿ ರಕ್ತದಿಂದ ಹೋದರೂ ಯಕೃತ್ತಿನಲ್ಲಿ ಅಡಗಿ ಮಲಗಿರುತ್ತದೆ. ವಾರಗಳೋ ತಿಂಗಳುಗಳೋ ಕಳೆದು ಏಳುತ್ತದೆ. ಎದ್ದಾಗ ರೋಗಿಗೂ ತೊಂದರೆ, ಅವಳನ್ನು ಕಚ್ಚಿದ ಸೊಳ್ಳೆಯಿಂದ ಅಕ್ಕಪಕ್ಕದವರಿಗೂ ತೊಂದರೆ. ಅದನ್ನು ತೆಗೆಯುವುದೇ ಆ ಹದಿನಾಲ್ಕು ಮಾತ್ರೆಗಳು. ಮೈ ಚೆನ್ನಾಗಿರುವ ಹನ್ನೊಂದು ವರ್ಷದ ಹುಡುಗಿಗೆ ಹದಿನಾಲ್ಕು ದಿನ ಕಹಿ ಮಾತ್ರೆ ನುಂಗಿಸುವುದು ಎಂದರೇನು ಎಂದು ಮಕ್ಕಳನ್ನು ಸಾಕಿದವರನ್ನು ಕೇಳಿ.

ಮಾರನೆಯ ದಿನ ಅದೇ ಪಂಪಿನ ಹುಡುಗ ಬಂದ. ಜೊತೆಗೆ ಆರೋಗ್ಯ ಕೇಂದ್ರದ ಒಬ್ಬರು. ಒಂದು ಮನೆಯಲ್ಲಿ ಮಲೇರಿಯಾ ಸಿಕ್ಕರೆ ಸುತ್ತಲಿನವರ ರಕ್ತ ನೋಡಬೇಕು, ನೀರು ನೋಡಬೇಕು ಎಂಬ ನಿಯಮವಿದೆ. ಎಂಟೂ ಮನೆಯವರ ಬೆರಳು ಚುಚ್ಚಿದರು. ಯಾರಿಗೂ ಇರಲಿಲ್ಲ. ಈ ಸಲ ಬೀಗದ ಕೈ ಹಿಡಿದು ನಾನೇ ಮುಂದೆ ನಡೆದೆ. ಮೂರು ಟ್ಯಾಂಕು. ಒಂದರ ಮುಚ್ಚಳ ಹಿಂದಿನ ವರ್ಷದ ಗಾಳಿಗೆ ಸೀಳಿತ್ತು, ನಾವು ಮೇಲೆ ಒಂದು ಇಟ್ಟಿಗೆ ಹೇರಿ ಸುಮ್ಮನಿದ್ದೆವು. ಅವನು ಸೌಟು ಮುಳುಗಿಸಿ ತೆಗೆದು ನನ್ನ ಮೂಗಿನ ಹತ್ತಿರ ಹಿಡಿದ. ಮೂರು ನಾಲ್ಕು ಮರಿಗಳು, ನೀರಿನ ಮೇಲೆ ಹುಲ್ಲುಕಡ್ಡಿಯಂತೆ ಅಡ್ಡಲಾಗಿ ಮಲಗಿದ್ದವು. ಡೆಂಗೀ ಸೊಳ್ಳೆಯ ಮರಿಯಾದರೆ ತಲೆ ಕೆಳಗಾಗಿ ಜೋತಾಡುತ್ತದೆ, ಹೀಗೆ ಅಡ್ಡ ಮಲಗಿದ್ದರೆ ಮಲೇರಿಯಾ ಸೊಳ್ಳೆಯ ಜಾತಿ ಎಂದು ಹೇಳಿಕೊಟ್ಟ. ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ಹೆಚ್ಚುಕಡಿಮೆ ಒಂದು ವಾರ, ಹತ್ತು ದಿನ. ಅದಕ್ಕೇ ವಾರಕ್ಕೊಮ್ಮೆ ನೋಡುವುದು. ಎಂಟು ದಿನ ತಪ್ಪಿದರೆ ಹಾರಿಹೋಗಿರುತ್ತವೆ. ನಾನು ಅವನನ್ನು ಮೂರು ತಿಂಗಳು ತಪ್ಪಿಸಿದ್ದೆ.

ಹುಡುಗಿಗೆ ಬಂದದ್ದು ನಮ್ಮ ಟ್ಯಾಂಕಿನಿಂದಲೇ ಎಂದು ಹೇಳಲಾಗದು. ಬೇಸಿಗೆಯಲ್ಲಿ ಊರಿಗೆ ಹೋಗಿದ್ದರು, ಅಲ್ಲಿಂದಲೇ ತಂದಿರಬಹುದು ಎಂದು ಆರೋಗ್ಯ ಕೇಂದ್ರದವರು ನನಗೆ ಸಮಾಧಾನ ಹೇಳಿದರು. ನನಗೆ ಸಮಾಧಾನವಾಗಲಿಲ್ಲ.

ಆಗಸ್ಟ್ 12ರ ಸಂಜೆ ತಾಯಿ ಬಂದು ಬಾಗಿಲಲ್ಲಿ ನಿಂತಳು. ‘ಅಕ್ಕಾರ, ನಾಳೆ ಊರಿಗಿ ಹೋಗ್ತೀವ್ರಿ. ಪಂಚಮಿ ಅದ. ನಮ್ಮಣ್ಣ ಕರದಾನ. ಕೂಸಿಗಿ ಉರಿ ಇಳದಾವ.’ ಆ ವರ್ಷ ನಾಗರ ಪಂಚಮಿ 15ಕ್ಕೆ. ನಮ್ಮ ಉತ್ತರ ಕರ್ನಾಟಕದ ಹೆಣ್ಣುಮಕ್ಕಳಿಗೆ ಪಂಚಮಿ ಎಂದರೆ ತವರು, ಜೋಕಾಲಿ, ಉಂಡಿ. ಇಟ್ಟಿಗೆ ಹೊತ್ತವಳಿಗೆ ವರ್ಷಕ್ಕೊಮ್ಮೆ ಸಿಗುವ ಸುಖ. ಹೋಗಬೇಡ ಎಂದು ಯಾವ ಬಾಯಿಂದ ಹೇಳಲಿ? ಮಾತ್ರೆ ನಾಲ್ಕು ಆಗಿದ್ದವು, ಹತ್ತು ಉಳಿದಿದ್ದವು. ಜೋಕಾಲಿ ಹತ್ತಿದ ಮೇಲೆ ಯಾರಿಗೆ ನೆನಪಿರುತ್ತದೆ?

ಆರೋಗ್ಯ ಕೇಂದ್ರದವರಿಗೆ ಫೋನ್ ಮಾಡಿದೆ. ಬೈಯುತ್ತಾರೆಂದುಕೊಂಡಿದ್ದೆ. ಬೈಯಲಿಲ್ಲ. ಊರು, ತಾಲ್ಲೂಕು ಕೇಳಿ ಬರೆದುಕೊಂಡರು. ಬೆಳಿಗ್ಗೆ ಬಸ್ಸಿಗೆ ಮುಂಚೆ ಒಂದು ಚೀಟಿ ಕೊಟ್ಟರು: ಯಾವ ದಿನ ರಕ್ತ ನೋಡಿದ್ದು, ಯಾವ ಮಲೇರಿಯಾ, ಎಷ್ಟು ಮಾತ್ರೆ ಆಗಿವೆ. ಆಮೇಲೆ ಆ ಕಡೆಯ ತಾಲ್ಲೂಕಿಗೆ ಫೋನ್ ಹಚ್ಚಿದರು. ಇವರಿಗೆ ಕನ್ನಡ ಬಾರದು, ಅವರಿಗೆ ತೆಲುಗು ಅಷ್ಟಕ್ಕಷ್ಟೆ. ನಡುವೆ ನಾನು ದುಭಾಷಿ! ನನ್ನ ಕನ್ನಡ ಈ ಊರಿನಲ್ಲಿ ಅಷ್ಟು ಉಪಯೋಗಕ್ಕೆ ಬಂದದ್ದು ನೆನಪಿಲ್ಲ. ಮಧ್ಯಾಹ್ನದ ಹೊತ್ತಿಗೆ ಆ ಹಳ್ಳಿಯ ಆಶಾ ಕಾರ್ಯಕರ್ತೆಯ ನಂಬರು ನನ್ನ ಕೈಯಲ್ಲಿತ್ತು. ಆಶಾ ಎಂದರೆ 2005ರಿಂದ ಹಳ್ಳಿಹಳ್ಳಿಗೆ ಅದೇ ಊರಿನ ಒಬ್ಬ ಹೆಣ್ಣುಮಗಳನ್ನು ಆರಿಸಿ ತರಬೇತಿ ಕೊಟ್ಟ ವ್ಯವಸ್ಥೆ. ಸರ್ಕಾರಿ ನೌಕರಳಲ್ಲ. ಮಾಡಿದ ಕೆಲಸಕ್ಕೆ ಇಷ್ಟಿಷ್ಟು ಎಂದು ಗೌರವಧನ. ಹುಸೇನ್ ಖಾನನ ಆಣೆಯ ಲೆಕ್ಕದಿಂದ ನಾವು ಬಹಳ ದೂರ ಬಂದಿಲ್ಲ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ.

ದಿನಾ ರಾತ್ರಿ ನಾನು ಫೋನ್ ಮಾಡುತ್ತಿದ್ದೆ. ‘ನುಂಗಿದಳೇನವಾ?’ ‘ನುಂಗ್ಯಾಳ್ರೀ ಅಕ್ಕಾ. ನನ್ ಮುಂದನ ನುಂಗಿಸೀನಿ.’ ಕ್ಯಾಲೆಂಡರಿನ ಮೇಲೆ ಅಡ್ಡಗೆರೆ ಎಳೆಯುವುದು. 18ಕ್ಕೆ ಫೋನ್ ಹತ್ತಲಿಲ್ಲ. 19ಕ್ಕೂ ಇಲ್ಲ. 20ರ ಬೆಳಿಗ್ಗೆ ಪತ್ರಿಕೆಯಲ್ಲಿ ಮೂಲೆಯೊಂದರಲ್ಲಿ ಸೊಳ್ಳೆ ದಿನದ ಸುದ್ದಿ, ಬೇಗಂಪೇಟೆಯ ಹೆಸರು. ಮನೆಯಲ್ಲಿ ಕೂತು ಫೋನ್ ನೋಡುವುದಕ್ಕಿಂತ ಮೇಲು ಎಂದು ಬಸ್ ಹತ್ತಿದೆ. ಹಾಗೆ ನಾನು ಆ ಕಟ್ಟಡ ನೋಡಿದ್ದು. ಅದರ ಮುಂದೆ ಎಷ್ಟು ಹೊತ್ತು ನಿಂತೆನೋ. ಇಷ್ಟು ದೊಡ್ಡ ವಿಷಯ ಇಲ್ಲಿ ತಿಳಿದು ನೂರ ಇಪ್ಪತ್ತೊಂದು ವರ್ಷವಾಗಿದೆ, ನಾನು ಮಾತ್ರ ಎರಡು ಮಾತ್ರೆಯ ಲೆಕ್ಕ ಸಿಗದೆ ಒದ್ದಾಡುತ್ತಿದ್ದೇನೆ ಅನ್ನಿಸಿತು.

ಆ ದಿನಗಳಲ್ಲಿ ಮಗನ ಕೈಲಿ ತರಿಸಿಕೊಂಡು ಓದಿದ ಒಂದೆರಡು ಸಂಗತಿ ಹೇಳಿಬಿಡುತ್ತೇನೆ. ಸ್ವಾತಂತ್ರ್ಯ ಬಂದ ಕಾಲಕ್ಕೆ ನಮ್ಮ ದೇಶದಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿ ಜನರಿಗೆ ಮಲೇರಿಯಾ, 8 ಲಕ್ಷ ಸಾವು ಎಂಬ ಅಂದಾಜಿತ್ತು. 1953ರಲ್ಲಿ ಸರ್ಕಾರ ಡಿಡಿಟಿ ಸಿಂಪಡಿಸುವ ರಾಷ್ಟ್ರೀಯ ಕಾರ್ಯಕ್ರಮ ಶುರುಮಾಡಿತು. 1958ರಲ್ಲಿ ಅದನ್ನು ಪೂರ್ತಿ ನಿರ್ಮೂಲನದ ಕಾರ್ಯಕ್ರಮವಾಗಿ ಬದಲಿಸಿತು. 1961ರ ಹೊತ್ತಿಗೆ ದೇಶದಲ್ಲೆಲ್ಲ ಸೇರಿ ದಾಖಲಾದ ರೋಗಿಗಳು 50 ಸಾವಿರಕ್ಕೂ ಕಡಿಮೆ! ಗೆದ್ದೇಬಿಟ್ಟೆವು ಎಂದುಕೊಂಡರು. ಸೊಳ್ಳೆಗಳು ಡಿಡಿಟಿಗೆ ಒಗ್ಗಿಕೊಂಡವು, ಹಣದ ಕೈ ಬಿಗಿಯಾಯಿತು, ಮಲೇರಿಯಾ ಸಿಬ್ಬಂದಿಯ ಕೆಲಸವನ್ನು ವಹಿಸಿಕೊಳ್ಳಬೇಕಾದ ಹಳ್ಳಿಯ ಆರೋಗ್ಯ ಕೇಂದ್ರಗಳು ಎಷ್ಟೋ ಕಡೆ ಇನ್ನೂ ಎದ್ದು ನಿಂತಿರಲಿಲ್ಲ. ಪಟ್ಟಣಗಳ ಟ್ಯಾಂಕು, ಬಾವಿಗಳನ್ನು ನೋಡಿದವರು ಕಡಿಮೆ. ಪಟ್ಟಣದ ಮಲೇರಿಯಾಕ್ಕೆಂದು ಯೋಜನೆ ಬಂದದ್ದು 1971ರಲ್ಲಿ. 1976ಕ್ಕೆ ರೋಗಿಗಳು 64 ಲಕ್ಷ. ಐವತ್ತು ಸಾವಿರದಿಂದ ಅರವತ್ನಾಲ್ಕು ಲಕ್ಷ, ಹದಿನೈದೇ ವರ್ಷದಲ್ಲಿ. ಇದನ್ನು ಓದಿದಾಗ ನನ್ನ ಮೂರು ‘ರೇಪು ರಂಡಿ’ಗಳು ನೆನಪಾದವು. ಇಡೀ ದೇಶವೇ ಬೀಗ ಹಾಕಿಕೊಂಡು ಮಧ್ಯಾಹ್ನದ ನಿದ್ದೆ ಮಾಡಿತ್ತು.

ಈಗ ಮತ್ತೆ ಇಳಿದಿದೆ. 2015ರಲ್ಲಿ 11 ಲಕ್ಷಕ್ಕೂ ಹೆಚ್ಚಿದ್ದ ದಾಖಲಾದ ಪ್ರಕರಣಗಳು 2023ರಲ್ಲಿ ಸುಮಾರು 2.27 ಲಕ್ಷ. 2030ರೊಳಗೆ ಇಲ್ಲವಾಗಿಸುವ ಗುರಿ. ಹಾಗೆಂದು ಓದಿದಾಗ ಸಂತೋಷಕ್ಕಿಂತ ಹೆಚ್ಚಾಗಿ ನನಗೆ 1961 ನೆನಪಾಗುತ್ತದೆ. ನಮ್ಮ ಪಟ್ಟಣದ ಟ್ಯಾಂಕುಗಳಲ್ಲಿ ಬೆಳೆಯುವ ಸ್ಟೀಫೆನ್ಸಿ ಎಂಬ ಮಲೇರಿಯಾ ಸೊಳ್ಳೆ 2012ರಲ್ಲಿ ಆಫ್ರಿಕದ ಜಿಬೂಟಿಯಲ್ಲಿ ಕಾಣಿಸಿಕೊಂಡು, ಈಗ ಇಥಿಯೋಪಿಯಾದಂಥ ದೇಶಗಳ ಪಟ್ಟಣಗಳಿಗೂ ನುಗ್ಗಿದೆ. ಮಲೇರಿಯಾ ಹಳ್ಳಿಯ ರೋಗ ಎಂದು ತಿಳಿದಿದ್ದವರು ಅಲ್ಲಿ ಈಗ ನೀರಿನ ಡ್ರಮ್ಮುಗಳ ಹಿಂದೆ ಓಡುತ್ತಿದ್ದಾರೆ.

ಮಲೇರಿಯಾ ಬಿಡಿ, ಹೊಸ ರೋಗ ಬಂದರೂ ಮೊದಲು ಕೇಳಿಸುವುದು ಇಂಥ ಹಳ್ಳಿಯ ಕಿವಿಗಳಿಗೇ. ನಮ್ಮ ಶಿವಮೊಗ್ಗ ಜಿಲ್ಲೆಯ ಸೊರಬದ ಕಡೆ ಕ್ಯಾಸನೂರು ಎಂಬ ಕಾಡಿದೆ. 1957ರಲ್ಲಿ ಅಲ್ಲಿ ಮಂಗಗಳು ಸತ್ತು ಬೀಳತೊಡಗಿದವು, ಜನರಿಗೆ ವಿಚಿತ್ರ ಜ್ವರ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ನೋಡಿದರು. ಜಗತ್ತಿಗೇ ಹೊಸ ವೈರಸ್ಸು, ಹರಡುವುದು ಉಣ್ಣೆ ಹುಳುವಿನಿಂದ. ಜಗತ್ತಿನ ವೈದ್ಯ ಪುಸ್ತಕಗಳಲ್ಲಿ ಅದರ ಹೆಸರೇ ಕ್ಯಾಸನೂರು ಕಾಡಿನ ಕಾಯಿಲೆ. ನಮ್ಮ ಜನ ಮಂಗನ ಕಾಯಿಲೆ ಎನ್ನುತ್ತಾರೆ. ಹಲವು ವರ್ಷ ಹಾಕಿದ ಲಸಿಕೆ ಸಾಕಷ್ಟು ಫಲ ಕೊಡುವುದಿಲ್ಲವೆಂದು ಕಂಡು ಅದನ್ನು ನಿಲ್ಲಿಸಿದರು. ಹಾಗಾಗಿ ಇವತ್ತಿಗೂ ಕಾಡಿನಲ್ಲಿ ಮಂಗ ಸತ್ತದ್ದನ್ನು ಕಂಡವರು ಯಾರಿಗಾದರೂ ಹೇಳುವುದೇ ಮೊದಲ ರಕ್ಷಣೆ. 2018ರ ಮೇಯಲ್ಲಿ, ನಾನಿಲ್ಲಿ ಸಂಡಿಗೆ ಕಾಯುತ್ತಿದ್ದಾಗ, ಕೋಳಿಕ್ಕೋಡಿನಲ್ಲಿ ನಿಪಾ ಬಂದಿತ್ತು. ಒಂದೇ ಮನೆಯ ಎರಡನೆಯವನು ಅದೇ ಲಕ್ಷಣದಿಂದ ಬಂದಾಗ ಅಲ್ಲಿಯ ವೈದ್ಯರು ಅನುಮಾನಪಟ್ಟರು. ಮಾದರಿ ಹೋದದ್ದು ನಮ್ಮ ಮಣಿಪಾಲಕ್ಕೆ. ಅಲ್ಲಿ ಸಿಕ್ಕಿಬಿತ್ತು, ಪುಣೆಯಲ್ಲಿ ಖಚಿತವಾಯಿತು. ನಿಪಾಕ್ಕೆ ಬೇರೆ ಸೈನ್ಯ, ಮಲೇರಿಯಾಕ್ಕೆ ಬೇರೆ ಸೈನ್ಯ ಎಂದಿಲ್ಲ ನೋಡಿ. ಅದೇ ನರ್ಸಮ್ಮ, ಅದೇ ಆಶಾ, ಅದೇ ಚೀಟಿ, ಅದೇ ಫೋನು.

ಅಂದ ಹಾಗೆ ಫೋನು. 20ರ ರಾತ್ರಿ ಒಂಬತ್ತಕ್ಕೆ, ನಾನು ಚಪಾತಿ ಲಟ್ಟಿಸುತ್ತಿರುವಾಗ ಬಂತು. ಆ ಕಡೆ ಮಳೆಗೆ ಕಂಬ ಬಿದ್ದು ಎರಡು ದಿನ ಕರೆಂಟಿರಲಿಲ್ಲವಂತೆ. ‘ಮಾತ್ರಿ ತಪ್ಪಿಲ್ರೀ ಅಕ್ಕಾ. ಇವತ್ತಿಗಿ ಹನ್ನೆರಡ ಆದವು, ಇನ್ನೆರಡ ಉಳದಾವ.’ ಹಿಂದಿನಿಂದ ಹುಡುಗಿಯ ದನಿ: ನಂಗ ಉಂಡಿ ಕೊಟ್ರ ಮಾತ್ರ ನುಂಗ್ತೀನಿ. ನಾನು ಹಿಟ್ಟಿನ ಕೈಯಲ್ಲೇ ಕ್ಯಾಲೆಂಡರಿಗೆ ಮೂರು ಗೆರೆ ಎಳೆದೆ. ಆ ಹಿಟ್ಟಿನ ಗುರುತು ಡಿಸೆಂಬರಿನವರೆಗೂ ಹಾಗೇ ಇತ್ತು.

ಆ ವರ್ಷದಿಂದ ನಮ್ಮ ಕಟ್ಟಡದ ಗೇಟಿನ ಒಳಗೆ ಒಂದು ನೋಟ್‌ಬುಕ್ ತೂಗುಹಾಕಿದ್ದೇವೆ. ಗುರುವಾರ ತಾರೀಖು, ಟ್ಯಾಂಕು ಒಂದು ಎರಡು ಮೂರು, ಸಂಪು, ಕೂಲರ್, ಮರಿ ಇದೆಯೋ ಇಲ್ಲವೋ, ಕೊನೆಗೆ ಸಹಿ. 2020ರ ಮಾರ್ಚಿನ ಕೊನೆಯಿಂದ ಪಂಪಿನ ಹುಡುಗ ಬರಲಿಲ್ಲ, ಕೊರೋನಾ ಕೆಲಸಕ್ಕೆ ಹಾಕಿದ್ದರಂತೆ. ಆ ಪುಟಗಳಲ್ಲಿ ಎರಡು ವಾರ ಖಾಲಿ ಇವೆ. ಮೂರನೆಯ ವಾರದಿಂದ ವಕ್ರ ವಕ್ರ ತೆಲುಗು ಅಂಕಿಗಳಲ್ಲಿ ಯಾರೋ ತುಂಬಿದ್ದಾರೆ. ವಾಚ್‌ಮನ್ನನ ಮಗಳು, ಆಗ ಹದಿಮೂರು ವರ್ಷ. ಶಾಲೆ ಮುಚ್ಚಿತ್ತಲ್ಲ, ನನ್ನ ಹಳೆಯ ಸಾರಿನ ಸೌಟು ಇಸಿದುಕೊಂಡು ತಾನೇ ಹತ್ತಿ ನೋಡುತ್ತಿದ್ದಳು. ಆ ಸೌಟು ನನಗೆ ಇನ್ನೂ ವಾಪಸು ಬಂದಿಲ್ಲ.

ಬೇಗಂಪೇಟೆಗೆ ಒಮ್ಮೆ ಹೋಗಿ ಬನ್ನಿ. ಅಲ್ಲಿಂದ ನಮ್ಮ ಮನೆಗೂ ಬರಬಹುದು, ಗುರುವಾರ ಬೆಳಿಗ್ಗೆಯಾದರೆ ಇನ್ನೂ ಒಳ್ಳೆಯದು. ನನಗೆ ಈಗ ಮೊಣಕಾಲು ನೋವು, ಏಣಿ ಹತ್ತಲಾಗುವುದಿಲ್ಲ. ಬೀಗದ ಕೈ ಅಡುಗೆಮನೆಯ ಬಾಗಿಲ ಹಿಂದಿನ ಮೊಳೆಯಲ್ಲಿದೆ. ಇಳಿದು ಬಂದವರಿಗೆ ಉಪ್ಪಿಟ್ಟು ಉಂಟು.